ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಕೊಳ್ಳುವ ಮುನ್ನ: ಹಳೆಯ ಕ್ವಾಡ್, ಹೊಸ ಕ್ವಾಡ್, ಮಾರ್ಟಿನ್‌ಲೋಗನ್, ಸೌಂಡ್ ಲ್ಯಾಬ್

ತಂಬೂರಿಯನ್ನು ಮೀಟಿದಾಗ ಜೀವಾಳದ ಎಳೆಯಿಂದ ಏಳುವ ಝೇಂಕಾರವು ಸಾಮಾನ್ಯ ಪೆಟ್ಟಿಗೆ ಸ್ಪೀಕರಿನಲ್ಲಿ ಹಾಡಿನ ಹಿಂದಿನ ಒಂದು ಗುಂಯ್ ಎನ್ನುವ ಸದ್ದಾಗಿ ಮಾತ್ರ ಉಳಿದುಬಿಡುತ್ತದೆ. ಒಳ್ಳೆಯ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರಿನಲ್ಲಿ ಅದೇ ಧ್ವನಿಮುದ್ರಣವನ್ನು ಕೇಳಿದರೆ ಒಂದೊಂದು ತಂತಿಯೂ ತನ್ನಷ್ಟಕ್ಕೆ ಎದ್ದು, ಮುಂದಿನದರೊಡನೆ ಬೆರೆತು, ನಿಧಾನವಾಗಿ ಕರಗುವುದನ್ನು ಬಿಡಿಬಿಡಿಯಾಗಿ ಗುರುತಿಸಬಹುದು. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಮುದ್ರಣವೊಂದನ್ನು ನಾನು ಮೊದಲ ಸಲ ಹೀಗೆ ಕೇಳಿದ ದಿನ, ಎರಡು ತಾನುಗಳ ನಡುವೆ ಅವರು ಉಸಿರೆಳೆದುಕೊಳ್ಳುವ ಕ್ಷಣ ಎಷ್ಟು ಹತ್ತಿರದಲ್ಲಿತ್ತೆಂದರೆ, ಅಷ್ಟು ವರ್ಷ ಆ ಮುದ್ರಣವನ್ನು ನಾನು ಪೂರ್ತಿಯಾಗಿ ಕೇಳಿಯೇ ಇರಲಿಲ್ಲ ಎನ್ನಿಸಿತು.

ಇಂಥ ಒಂದು ಸಂಜೆಯ ಗುಂಗಿನಲ್ಲಿಯೇ ಹಲವರು ಲಕ್ಷಗಟ್ಟಲೆ ಹಣ ಸುರಿದು ಈ ಸ್ಪೀಕರುಗಳನ್ನು ಕೊಳ್ಳುತ್ತಾರೆ, ಮತ್ತು ಅವರಲ್ಲಿ ಕೆಲವರು ಎರಡೇ ವರ್ಷದಲ್ಲಿ ಮಾರಿಬಿಡುತ್ತಾರೆ. ನಾದ ಅವರಿಗೆ ಬೇಸರ ತಂದಿರುವುದಿಲ್ಲ. ಕೋಣೆ ಸಾಲದೆ ಹೋಗಿರುತ್ತದೆ, ಇಲ್ಲವೇ ನಾದ ಹೊರಡಿಸುವ ಚಪ್ಪಟೆ ಹಲಗೆ, ಅಂದರೆ ಪ್ಯಾನೆಲ್, ಕೆಟ್ಟಾಗ ನೋಡುವವರು ಸಿಕ್ಕಿರುವುದಿಲ್ಲ. ಆದ್ದರಿಂದ ಈ ಹೋಲಿಕೆಯಲ್ಲಿ ನಾದದ ಗುಣದಷ್ಟೇ ತೂಕವನ್ನು ಕೋಣೆಗೂ ರಿಪೇರಿಗೂ ಕೊಟ್ಟಿದ್ದೇನೆ.

ಪೊರೆ ಮತ್ತು ತಟ್ಟೆ

ತಲೆ ಬಾಚಿದ ಬಾಚಣಿಗೆಯು ಕಾಗದದ ಚೂರುಗಳನ್ನು ಸೆಳೆಯುವುದನ್ನು ಎಲ್ಲರೂ ಶಾಲೆಯಲ್ಲಿ ನೋಡಿದ್ದೇವೆ. ಈ ಸ್ಪೀಕರು ನಡೆಯುವುದು ಅದೇ ಬಲದಿಂದ. ಕೆಲವೇ ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಪೊರೆಯೊಂದನ್ನು ಬಿಗಿಯಾಗಿ ಎಳೆದು, ಅದರ ಮೇಲೆ ವಿದ್ಯುತ್ತನ್ನು ಬಹಳ ಕಷ್ಟದಿಂದ ಮಾತ್ರ ಹಾಯಗೊಡುವ ಲೇಪವೊಂದನ್ನು ಬಳಿದು, ಸಾವಿರಾರು ವೋಲ್ಟಿನ ಸ್ಥಾಯಿ ವಿದ್ಯುತ್ತನ್ನು ಅದಕ್ಕೆ ತುಂಬಲಾಗುತ್ತದೆ. ಪೊರೆಯ ಮುಂದೆ ಮತ್ತು ಹಿಂದೆ, ಮಿಲಿಮೀಟರುಗಳ ಲೆಕ್ಕದ ಅಂತರದಲ್ಲಿ, ಸ್ಟೇಟರ್ ಎಂಬ ತೂತಿನ ತಟ್ಟೆಗಳಿರುತ್ತವೆ. ಆಂಪ್ಲಿಫೈಯರಿನಿಂದ ಬಂದ ಸಂಕೇತವನ್ನು ಟ್ರಾನ್ಸ್‌ಫಾರ್ಮರ್ ಹಲವು ಪಟ್ಟು ಏರಿಸಿ ಈ ತಟ್ಟೆಗಳಿಗೆ ಕೊಟ್ಟಾಗ, ಒಂದು ತಟ್ಟೆ ಪೊರೆಯನ್ನು ಸೆಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ಸಾಮಾನ್ಯ ಸ್ಪೀಕರಿನಲ್ಲಿ ಸುರುಳಿಯೊಂದು ಕೋನಿನ ನಡುಭಾಗವನ್ನಷ್ಟೇ ತಳ್ಳುವುದರಿಂದ ಅಂಚು ತುಸು ತಡವಾಗಿ, ತುಸು ತನ್ನಿಚ್ಛೆಯಂತೆ ಅಲುಗುತ್ತದೆ. ಇಲ್ಲಿ ಪೊರೆಯ ಪ್ರತಿ ಬಿಂದುವಿನ ಮೇಲೂ ಒಂದೇ ಹೊತ್ತಿಗೆ ಬಲ ಬೀಳುತ್ತದೆ, ಮತ್ತು ಪೊರೆಯ ತೂಕವು ಅದು ನೂಕುವ ಗಾಳಿಯ ತೂಕಕ್ಕಿಂತಲೂ ಕಡಿಮೆ. ತಂಬೂರಿಯ ತಂತಿಗಳು ಬಿಡಿಬಿಡಿಯಾಗಿ ಕೇಳುವುದಕ್ಕೆ ಇದೇ ಕಾರಣ.

ತಂತ್ರ ಹಳೆಯದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಡ್ವರ್ಡ್ ಕೆಲಾಗ್ ಅವರಿಗೆ 1934ರಲ್ಲೇ ಇದರ ಪೇಟೆಂಟ್ ದೊರೆತಿತ್ತು. ಆದರೆ ಪೊರೆಯ ಮೇಲಿನ ವಿದ್ಯುತ್ತು ಚಲನೆಯ ಜೊತೆಗೆ ಏರಿಳಿದರೆ ನಾದ ವಿಕಾರವಾಗುತ್ತದೆ. ಆ ವಿದ್ಯುತ್ತಿನ ಆವೇಶವನ್ನು, ಅಂದರೆ ಚಾರ್ಜನ್ನು, ಬದಲಾಗದಂತೆ ಕಟ್ಟಿಹಾಕಿದರೆ ಮಾತ್ರ ಬಲವು ಸಂಕೇತಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂಬುದನ್ನು ಹಾರ್ವರ್ಡಿನ ಫ್ರೆಡರಿಕ್ ಹಂಟ್ 1954ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಪಾಲಿಯೆಸ್ಟರ್ ಪೊರೆಯೂ ಅದೇ ದಶಕದಲ್ಲಿ ಮಾರುಕಟ್ಟೆಗೆ ಬಂತು. ಸಿದ್ಧಾಂತವೂ ಸಾಮಗ್ರಿಯೂ ಒಟ್ಟಿಗೆ ಕೈಗೆ ಸಿಕ್ಕಿದ ಆ ಹೊತ್ತಿನಲ್ಲಿ ಇಂಗ್ಲೆಂಡಿನ ಹಂಟಿಂಗ್ಡನ್ನಿನಲ್ಲಿದ್ದ, ಕ್ವಾಡ್ ಹೆಸರಿನ ಉಪಕರಣಗಳ ತಯಾರಕ ಪೀಟರ್ ವಾಕರ್, ಆಂಪ್ಲಿಫೈಯರ್ ವಿನ್ಯಾಸದಿಂದ ಹೆಸರಾಗಿದ್ದ ಡಿ. ಟಿ. ಎನ್. ವಿಲಿಯಮ್‌ಸನ್ನರ ಜೊತೆಗೂಡಿ ಕೆಲಸ ಆರಂಭಿಸಿದರು. 1957ರಲ್ಲಿ ಮಾರಾಟಕ್ಕೆ ಬಂದ ಕ್ವಾಡ್ ಇಎಸ್‌ಎಲ್ (ಎಲೆಕ್ಟ್ರೋಸ್ಟ್ಯಾಟಿಕ್ ಲೌಡ್‌ಸ್ಪೀಕರ್) ಅದರ ಫಲ.

ಒಂದೇ ತೊಡಕಿಗೆ ಹಲವು ಉತ್ತರ

ಈ ಸ್ಪೀಕರುಗಳ ವಿನ್ಯಾಸದ ಚರಿತ್ರೆಯನ್ನು ಒಂದು ತೊಡಕಿನ ಸುತ್ತ ಅರ್ಥ ಮಾಡಿಕೊಳ್ಳುವುದು ಸುಲಭ. ಮಂದ್ರ ಬೇಕಾದರೆ ಪ್ಯಾನೆಲ್ ದೊಡ್ಡದಿರಬೇಕು. ಆದರೆ 10,000 ಹರ್ಟ್ಸ್ ಸ್ವರದ ತರಂಗಾಂತರ 3.4 ಸೆಂಟಿಮೀಟರ್ ಮಾತ್ರ, ಮತ್ತು ಅದಕ್ಕಿಂತ ಹಲವು ಪಟ್ಟು ಅಗಲವಾದ ಚಪ್ಪಟೆ ಪೊರೆ ಆ ಸ್ವರವನ್ನು ಟಾರ್ಚಿನ ಬೆಳಕಿನಂತೆ ನೇರವಾಗಿ ಒಂದೇ ಕಡೆಗೆ ಎಸೆಯುತ್ತದೆ. ತಲೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರೆ ತಾಳದ ಕಂಚಿನ ನಾದ ಮಂಕಾಗಿಬಿಡುತ್ತದೆ. ಒಂದೊಂದು ತಯಾರಕರ ಮಾದರಿಯೂ ಈ ತೊಡಕಿಗೆ ಅವರು ಕಂಡುಕೊಂಡ ಉತ್ತರ.

ಇಂದು ಇಎಸ್‌ಎಲ್ 57 ಎಂದು ಕರೆಯಲಾಗುವ ಆ ಮೊದಲ ಕ್ವಾಡಿನಲ್ಲಿ ವಾಕರ್ ಪ್ಯಾನೆಲನ್ನೇ ಪಾಲು ಮಾಡಿದರು. ನಡುವೆ ತಾರಸ್ವರಕ್ಕೆ ಕಿರಿದಾದ ಪಟ್ಟಿ, ಅದರ ಎರಡೂ ಬದಿಗೆ ಮಧ್ಯಸ್ವರದ ಪಟ್ಟಿಗಳು, ಅಂಚಿನಲ್ಲಿ ಎರಡು ಮಂದ್ರದ ಪ್ಯಾನೆಲುಗಳು. ಮಂದ್ರದ ಪೊರೆಗೆ 6,000 ವೋಲ್ಟ್, ತಾರದ ಪೊರೆಗೆ 1,500 ವೋಲ್ಟ್. ಸುಮಾರು 88 ಸೆಂಟಿಮೀಟರ್ ಅಗಲ, 79 ಸೆಂಟಿಮೀಟರ್ ಎತ್ತರದ, ತುಸು ಬಾಗಿದ, ಕೋಣೆ ಕಾಯಿಸುವ ಹೀಟರಿನಂತೆ ಕಾಣುವ ಈ ಸ್ಪೀಕರನ್ನು 1985ರವರೆಗೆ ತಯಾರಿಸಲಾಯಿತು. ಸುಮಾರು 54,000 ಮಾರಾಟವಾದವು. ಕಂಠದ ವಿಷಯದಲ್ಲಿ ಇದನ್ನು ಮೀರಿಸಿದ್ದನ್ನು ನಾನು ಇನ್ನೂ ಕೇಳಿಲ್ಲ. ಆದರೆ ಒಬ್ಬರು ಮಾತ್ರ ಸರಿಯಾಗಿ ಕೂತು ಕೇಳಬಹುದು, 45 ಹರ್ಟ್ಸ್‌ಗಿಂತ ಕೆಳಗೆ ಹೆಚ್ಚೇನೂ ಇಲ್ಲ, ಮತ್ತು ಆಂಪ್ಲಿಫೈಯರಿನಿಂದ ಬರುವ ಸಂಕೇತ 33 ವೋಲ್ಟಿನ ಶಿಖರವನ್ನು ದಾಟಿದರೆ ತಾರದ ಪ್ಯಾನೆಲಿನಲ್ಲಿ ಕಿಡಿ ಹಾರಿ ಪೊರೆ ತೂತಾಗುವ ಅಪಾಯವಿದೆ.

ಅಮೆರಿಕದಲ್ಲಿ ಆರ್ಥರ್ ಜಾನ್ಸೆನ್ ಇದೇ ಕಾಲದಲ್ಲಿ ಬೇರೆ ದಾರಿಯಿಂದ ಹೊರಟು ಕೆಎಲ್‌ಎಚ್ ನೈನ್ ಎಂಬ ಆಳೆತ್ತರದ ಮಾದರಿಯನ್ನು ರೂಪಿಸಿದರು. 1970ರ ದಶಕದಲ್ಲಿ ಫ್ಲಾರಿಡಾದ ಅಕೌಸ್ಟ್ಯಾಟ್ ಮತ್ತು ಕ್ಯಾಲಿಫೋರ್ನಿಯಾದ ಬೆವರಿಜ್ ಸಂಸ್ಥೆಗಳು ಟ್ರಾನ್ಸ್‌ಫಾರ್ಮರನ್ನೇ ಕಿತ್ತುಹಾಕಿ, ವಾಲ್ವ್ ಆಂಪ್ಲಿಫೈಯರಿನ ಹೆಚ್ಚಿನ ವೋಲ್ಟೇಜನ್ನು ನೇರವಾಗಿ ಸ್ಟೇಟರಿಗೆ ಕೊಡುವ ಧೈರ್ಯ ಮಾಡಿದವು. ಕೆನಡಾದ ಡೇಟನ್-ರೈಟ್ ತನ್ನ ಪ್ಯಾನೆಲನ್ನು ಅನಿಲ ತುಂಬಿದ ಚೀಲದೊಳಗೆ ಇರಿಸಿ ಕಿಡಿ ಹಾರುವುದನ್ನು ತಡೆಯಿತು. ಇವೆಲ್ಲ ಈಗ ಸಂಗ್ರಾಹಕರ ಪಾಲಿನವು; ಹೊಸದಾಗಿ ಕೊಳ್ಳುವವರು ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ.

ತೊಡಕಿಗೆ ಅತ್ಯಂತ ಸೊಗಸಾದ ಉತ್ತರವೂ ವಾಕರ್ ಅವರದೇ. 1963ರಲ್ಲಿ ಆರಂಭವಾಗಿ 1981ರಲ್ಲಿ ಮಾರುಕಟ್ಟೆಗೆ ಬಂದ ಇಎಸ್‌ಎಲ್ 63ರಲ್ಲಿ ನಡುವಿನ ಸ್ಟೇಟರುಗಳನ್ನು ಒಂದರ ಸುತ್ತ ಒಂದು ಉಂಗುರಗಳಾಗಿ ಸೀಳಲಾಗಿದೆ. ಸಂಕೇತ ಮೊದಲು ನಡುವಿನ ವೃತ್ತಕ್ಕೆ ತಲುಪುತ್ತದೆ, ಸೆಕೆಂಡಿನ ಅತಿ ಸಣ್ಣ ಪಾಲಿನಷ್ಟು ತಡವಾಗಿ ಮೊದಲ ಉಂಗುರಕ್ಕೆ, ಇನ್ನಷ್ಟು ತಡವಾಗಿ ಅದರಾಚೆಯದಕ್ಕೆ. ಕೆರೆಗೆ ಕಲ್ಲೆಸೆದಾಗ ಅಲೆ ಹರಡುವ ಹಾಗೆ ಚಪ್ಪಟೆ ಪೊರೆಯಿಂದ ಗೋಲಾಕಾರದ ಅಲೆ ಹೊರಡುತ್ತದೆ, ಮತ್ತು ಕಿವಿಗೆ ನಾದವು ಪೊರೆಯ ಸುಮಾರು 30 ಸೆಂಟಿಮೀಟರ್ ಹಿಂದಿನ ಒಂದು ಬಿಂದುವಿನಿಂದ ಬಂದಂತೆ ಕೇಳುತ್ತದೆ. ಹದಿನೆಂಟು ವರ್ಷ ಒಂದೇ ಕಲ್ಪನೆಯನ್ನು ಹಿಡಿದು ಕೂತ ಆ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಕಿಡಿ ಹಾರುವ ಸೂಚನೆ ಸಿಕ್ಕ ಕೂಡಲೇ ಒಳಬರುವ ಸಂಕೇತವನ್ನು ಕಡಿದುಹಾಕುವ ರಕ್ಷಣೆಯೂ ಇದರಲ್ಲಿದೆ, ಆದ್ದರಿಂದ ಇದು ತನ್ನ ಹಿರಿಯಣ್ಣನಷ್ಟು ನಾಜೂಕಲ್ಲ. ಇಂದಿಗೂ ಕ್ವಾಡ್ ಇದೇ ವಿನ್ಯಾಸವನ್ನು ಮುಂದುವರಿಸುತ್ತಿದೆ: 988 ಮತ್ತು 989, ಬಳಿಕ 2805 ಮತ್ತು 2905, ಆಮೇಲೆ 2812 ಮತ್ತು 2912, ಈಚೆಗೆ ಎಕ್ಸ್ ಅಕ್ಷರ ಸೇರಿದ ಅವುಗಳ ಪರಿಷ್ಕೃತ ರೂಪ. ಪ್ರತಿ ಜೋಡಿ ಹೆಸರಿನಲ್ಲಿ ಚಿಕ್ಕದಕ್ಕೆ ನಾಲ್ಕು ಪ್ಯಾನೆಲು, ದೊಡ್ಡದಕ್ಕೆ ಮಂದ್ರದ ಎರಡು ಸೇರಿ ಆರು. ತಯಾರಿಕೆ ಈಗ ಚೀನಾದಲ್ಲಿ, ಐಎಜಿ ಸಮೂಹದ ಒಡೆತನದಲ್ಲಿ ನಡೆಯುತ್ತದೆ. ಚೌಕಟ್ಟು ಹಳೆಯದಕ್ಕಿಂತ ಬಹಳ ಗಟ್ಟಿ.

ಕಾನ್ಸಸ್ ರಾಜ್ಯದ ಲಾರೆನ್ಸ್ ಊರಿನಲ್ಲಿ ಗೇಲ್ ಮಾರ್ಟಿನ್ ಸ್ಯಾಂಡರ್ಸ್ ಮತ್ತು ರಾನ್ ಲೋಗನ್ ಸದರ್ಲ್ಯಾಂಡ್ ಕಟ್ಟಿದ ಮಾರ್ಟಿನ್‌ಲೋಗನ್ ಸಂಸ್ಥೆಯ ಉತ್ತರ ಇನ್ನೂ ನೇರವಾದದ್ದು: ಪ್ಯಾನೆಲನ್ನೇ ಬಾಗಿಸಿಬಿಡುವುದು. ಸುಮಾರು 30 ಡಿಗ್ರಿಯ ಬಾಗುವಿಕೆಯಿಂದ ತಾರಸ್ವರ ಅಕ್ಕಪಕ್ಕಕ್ಕೆ ಹರಡುತ್ತದೆ. ಸ್ಟೇಟರು ತೂತು ಕೊರೆದ ಉಕ್ಕಿನದಾದ್ದರಿಂದ ಪ್ಯಾನೆಲಿನ ಮೂಲಕ ಹಿಂದಿನ ಕಿಟಕಿಯೂ ಹೊರಗಿನ ಗಿಡವೂ ಕಾಣುತ್ತವೆ. ಯೂಟಾ ರಾಜ್ಯದ ಸೌಂಡ್ ಲ್ಯಾಬ್ ದೊಡ್ಡ ಪ್ಯಾನೆಲನ್ನು ಕಿರಿದಾದ ಮುಖಗಳಾಗಿ ಮಡಿಚಿ, ವಕ್ರವನ್ನು ಸಣ್ಣ ಸಣ್ಣ ಸರಳರೇಖೆಗಳಿಂದ ಕಟ್ಟುತ್ತದೆ. ರೋಜರ್ ಸ್ಯಾಂಡರ್ಸ್ ಎಂಬ ಅಮೆರಿಕದ ವಿನ್ಯಾಸಕಾರರು ಪ್ಯಾನೆಲ್ ಚಪ್ಪಟೆಯಾಗಿಯೇ ಇರಲಿ, ಕೇಳುವವರೊಬ್ಬರು ನಡುವೆ ಕೂತರೆ ಸಾಕು ಎಂದು ವಾದಿಸಿದರು. ಒಬ್ಬರೇ ಕೂತು ಕೇಳುವವರಿಗೆ ಆ ವಾದದಲ್ಲಿ ಹುರುಳಿದೆ: ಗೋಡೆಗೆ ಬಡಿದು ಬರುವ ನಾದ ಕಡಿಮೆಯಾದಷ್ಟೂ ಮುದ್ರಣ ಸ್ಪಷ್ಟವಾಗುತ್ತದೆ.

ಮಂದ್ರದ ಪ್ರಶ್ನೆ

ಪೊರೆಯ ಹಿಂದೆ ಪೆಟ್ಟಿಗೆ ಇರುವುದಿಲ್ಲ. ಮುಂದಕ್ಕೆ ಹೊರಟಷ್ಟೇ ನಾದ ಹಿಂದಕ್ಕೂ, ಆದರೆ ತಲೆಕೆಳಗಾಗಿ, ಹೊರಡುತ್ತದೆ. 100 ಹರ್ಟ್ಸ್ ಸ್ವರದ ತರಂಗಾಂತರ 3.4 ಮೀಟರು, ಅಷ್ಟು ಉದ್ದದ ಅಲೆಗೆ 66 ಸೆಂಟಿಮೀಟರ್ ಅಗಲದ ಚೌಕಟ್ಟು ಅಡ್ಡಿಯೇ ಅಲ್ಲ, ಅದು ಅಂಚನ್ನು ಸುತ್ತಿ ಬಂದು ಮುಂದಿನ ಅಲೆಯನ್ನು ಅಳಿಸುತ್ತದೆ. ಪೂರ್ಣಶ್ರೇಣಿಯ ಎಲೆಕ್ಟ್ರೋಸ್ಟ್ಯಾಟಿಕ್ ದೊಡ್ಡದಾಗಿರಬೇಕಾದದ್ದು ಇದರಿಂದಲೇ. ಸೌಂಡ್ ಲ್ಯಾಬಿನ ಮೆಜೆಸ್ಟಿಕ್ 945 ಎಂಬ ಹೆಸರಿನ 9 ಎಂದರೆ ಅಡಿಗಳಲ್ಲಿ ಅದರ ಎತ್ತರ, 45 ಎಂದರೆ ಡಿಗ್ರಿಗಳಲ್ಲಿ ಅದರ ಹರವು. ನಮ್ಮ ಅಪಾರ್ಟ್‌ಮೆಂಟುಗಳ ಸೂರಿಗೆ ತಲೆ ತಾಗುವ ಸ್ಪೀಕರು ಅದು. ಹಳ್ಳಿಯ ತೊಟ್ಟಿಮನೆಯ ನಡುಮನೆಯಲ್ಲೋ ಸ್ವಂತವಾಗಿ ಕಟ್ಟಿಸಿದ ಎತ್ತರದ ಹಾಲಿನಲ್ಲೋ ಇರಿಸುವವರಿಗೆ ಮಾತ್ರ ಅದರ ಮಾತು.

ಮಾರ್ಟಿನ್‌ಲೋಗನ್ 1986ರ ಸಿಎಲ್‌ಎಸ್‌ನಂಥ ಪೂರ್ಣಶ್ರೇಣಿಯ ಮಾದರಿಗಳನ್ನು ಮಾಡಿದರೂ ಬೆಳೆದದ್ದು ಬೆರಕೆ ಮಾದರಿಗಳಿಂದ, ಅಂದರೆ ಮೇಲೆ ಎಲೆಕ್ಟ್ರೋಸ್ಟ್ಯಾಟಿಕ್ ಪ್ಯಾನೆಲು, ಕೆಳಗೆ ಪೆಟ್ಟಿಗೆಯಲ್ಲಿ ಮಂದ್ರಕ್ಕೆಂದು ಸಾಮಾನ್ಯ ವೂಫರು ಇರುವವುಗಳಿಂದ. ಎಲೆಕ್ಟ್ರೋಮೋಶನ್ ಇಎಸ್‌ಎಲ್ ಎಕ್ಸ್ ಮಾದರಿಯಲ್ಲಿ ಎರಡು 8 ಅಂಗುಲದ ವೂಫರುಗಳಿದ್ದು, 400 ಹರ್ಟ್ಸ್‌ನಲ್ಲಿ ಕೆಲಸ ಹಂಚಿಕೆಯಾಗುತ್ತದೆ: ಅದಕ್ಕಿಂತ ಕೆಳಗಿನ ಸ್ವರ ವೂಫರಿಗೆ, ಮೇಲಿನದು ಪ್ಯಾನೆಲಿಗೆ. ದುಬಾರಿಯಾದ ರಿನೈಸಾನ್ಸ್ ಇಎಸ್‌ಎಲ್ 15ಎ ಮಾದರಿಯಲ್ಲಿ ಎರಡು 12 ಅಂಗುಲದ ವೂಫರುಗಳಿಗೆ ಒಳಗೇ ಆಂಪ್ಲಿಫೈಯರುಗಳಿವೆ. ಹಂಚಿಕೆ 300 ಹರ್ಟ್ಸ್‌ಗೆ ಇಳಿಯುತ್ತದೆ. ಹೆಚ್ಚು ಹಣ ಕೊಟ್ಟಾಗ ಸಿಗುವುದರಲ್ಲಿ ಮುಖ್ಯವಾದದ್ದು ಈ ಇಳಿತವೇ. ಗಂಡುಕಂಠದ ಮೂಲಸ್ವರಗಳು 300, 400 ಹರ್ಟ್ಸ್‌ಗಳ ಕೆಳಗೇ ಇರುವುದರಿಂದ, ಹಂಚಿಕೆ ಮೇಲಿದ್ದಷ್ಟೂ ಒಂದೇ ಗಾಯಕನ ದನಿ ಎರಡು ಬಗೆಯ ಯಂತ್ರಗಳ ನಡುವೆ ಒಡೆದುಹೋಗುತ್ತದೆ. ಮೃದಂಗದ ತೊಪ್ಪಿಯ ಹೊಡೆತ ಎದೆಗೆ ತಟ್ಟಬೇಕೆನ್ನುವವರಿಗೆ ವೂಫರು ಬೇಕೇ ಬೇಕು. ಆದರೆ ಆ ತೊಪ್ಪಿಯ ಹೊಡೆತವು ಬಲಗಡೆಯ ಚಾಪಿಗಿಂತ ಕೂದಲೆಳೆಯಷ್ಟು ಹಿಂದೆ ಉಳಿದಂತೆ ಅಗ್ಗದ ಬೆರಕೆ ಮಾದರಿಗಳಲ್ಲಿ ನನಗೆ ಅನೇಕ ಸಲ ಕೇಳಿದೆ. ಅಂಗಡಿಯಲ್ಲಿ ಕೇಳುವಾಗ ಗಿಟಾರಿನ ಪ್ರದರ್ಶನ ಮುದ್ರಣಗಳನ್ನು ಬದಿಗಿಟ್ಟು, ನಿಮಗೆ ಕಂಠಪಾಠವಾಗಿರುವ ಕಛೇರಿಯೊಂದರ ತನಿ ಆವರ್ತನವನ್ನು ಹಾಕಿಸಿ ಈ ಒಂದು ಸಂಗತಿಯನ್ನು ಪರೀಕ್ಷಿಸಬೇಕು.

ಕೋಣೆ ಮತ್ತು ಆಂಪ್ಲಿಫೈಯರ್

ಹಿಂದಕ್ಕೆ ಹೊರಡುವ ನಾದಕ್ಕೆ ಜಾಗ ಬೇಕು. ಸ್ಪೀಕರಿನ ಹಿಂದೆ ಗೋಡೆಯವರೆಗೆ ಸುಮಾರು ಒಂದು ಮೀಟರ್ ಬಿಡಲಾಗದಿದ್ದರೆ ಕ್ವಾಡ್ ಆಗಲಿ ಸೌಂಡ್ ಲ್ಯಾಬ್ ಆಗಲಿ ಕೊಳ್ಳಬೇಡಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಬೆರಕೆ ಮಾದರಿಗಳು ತುಸು ಹೆಚ್ಚು ಸಹಿಸುತ್ತವೆ, ಆದರೆ ಟಿವಿಯ ಎರಡು ಬದಿಗೆ ಗೋಡೆಗೆ ಒರಗಿಸಿ ನಿಲ್ಲಿಸಿದರೆ ಅವುಗಳ ಬೆಲೆಯ ಅರ್ಧವನ್ನು ಗೋಡೆ ನುಂಗುತ್ತದೆ. ಅಂಥ ಕೋಣೆಗೆ ಒಳ್ಳೆಯ ಪೆಟ್ಟಿಗೆ ಸ್ಪೀಕರೇ ಮೇಲು. ಕೋಣೆಯೇ ಇಲ್ಲದವರಿಗೆ ಜಪಾನಿನ ಸ್ಟ್ಯಾಕ್ಸ್ ಸಂಸ್ಥೆ 1960ರಿಂದ ಮಾಡುತ್ತ ಬಂದಿರುವ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನುಗಳಿವೆ. ತಂಬೂರಿಯ ಆ ಬಿಡಿಬಿಡಿತನ ಅವುಗಳಲ್ಲಿಯೂ ಸಿಗುತ್ತದೆ.

ವಿದ್ಯುತ್ತಿನ ದೃಷ್ಟಿಯಲ್ಲಿ ಈ ಪ್ಯಾನೆಲು ಒಂದು ದೊಡ್ಡ ಕೆಪಾಸಿಟರ್. ಸ್ವರ ಏರಿದಂತೆ ಅದರ ತಡೆ ಇಳಿಯುತ್ತದೆ: ಇಎಸ್‌ಎಲ್ 57ರಲ್ಲಿ ತಾರದ ತುದಿಗೆ ಸುಮಾರು 2 ಓಮ್‌ಗೆ, ಮಾರ್ಟಿನ್‌ಲೋಗನ್ನಿನ ದೊಡ್ಡ ಮಾದರಿಗಳಲ್ಲಿ 20,000 ಹರ್ಟ್ಸ್‌ನಲ್ಲಿ 1 ಓಮ್‌ಗೂ ಕೆಳಗೆ. ಹೋಮ್ ಥಿಯೇಟರ್ ರಿಸೀವರುಗಳಲ್ಲಿ ಕೆಲವು ಇಲ್ಲಿ ಬಿಸಿಯಾಗಿ ನಿಂತುಹೋಗುತ್ತವೆ. ಕಡಿಮೆ ಓಮ್‌ಗೆ ಅಂಜದ, ಬಿಗಿಯಾದ ಆಂಪ್ಲಿಫೈಯರಿಗೆ ಹಣ ಎತ್ತಿಡುವುದು ಅನಿವಾರ್ಯ. ಇಎಸ್‌ಎಲ್ 57ಕ್ಕೆ ಮಾತ್ರ ಅಪಾಯ ಎದುರು ದಿಕ್ಕಿನಿಂದ ಬರುತ್ತದೆ: ಅದರ ಕಾಲದ ಕ್ವಾಡ್ 2 ವಾಲ್ವ್ ಆಂಪ್ಲಿಫೈಯರಿನ ಶಕ್ತಿ 15 ವಾಟ್ ಅಷ್ಟೇ, ಈಗಿನ 200 ವಾಟಿನ ಯಂತ್ರ ಒಂದು ಕೈತಪ್ಪಿನಲ್ಲಿ ಅದನ್ನು ಸುಡಬಲ್ಲದು.

ಅಮೆರಿಕದಿಂದ ಊರಿಗೆ ಮರಳುವಾಗ ಸಾಮಾನಿನ ಜೊತೆ ಸ್ಪೀಕರು ತರುವ ಕನ್ನಡಿಗರಿಗೆ ಒಂದು ಮಾತು. ಪೊರೆಗೆ ವಿದ್ಯುತ್ತು ತುಂಬಲು ಪ್ರತಿ ಸ್ಪೀಕರಿಗೂ ಗೋಡೆಯ ಕರೆಂಟು ಬೇಕು. ಅಲ್ಲಿಯದು 120 ವೋಲ್ಟ್, ಇಲ್ಲಿಯದು 230. ಅಡಾಪ್ಟರಿನಿಂದ ನಡೆಯುವ ಮಾದರಿಯಾದರೆ ಅಡಾಪ್ಟರ್ ಬದಲಿಸಿದರೆ ಮುಗಿಯಿತು. ವೂಫರಿಗೆ ಒಳಗೇ ಆಂಪ್ಲಿಫೈಯರ್ ಇರುವ ಮಾದರಿಯಾದರೆ, ಅದು ಎರಡೂ ವೋಲ್ಟೇಜಿಗೆ ಹೊಂದುತ್ತದೆಯೇ ಎಂದು ತಯಾರಕರಿಂದ ಬರಹದಲ್ಲಿ ಕೇಳಿ ತಿಳಿದುಕೊಂಡೇ ಹಡಗಿಗೆ ಏರಿಸಬೇಕು.

ತೇವ, ದೂಳು, ರಿಪೇರಿ

ಕೆಲವು ವರ್ಷಗಳ ಹಿಂದೆ, ಆಷಾಢದ ಒಂದು ರಾತ್ರಿ, ಉಡುಪಿಯ ಹತ್ತಿರ ಪರಿಚಿತರೊಬ್ಬರ ಮನೆಯಲ್ಲಿ ಹಳೆಯ ಜೋಡಿಯೊಂದನ್ನು ಕೇಳಲು ಕೂತಿದ್ದೆ. ಹೊರಗೆ ಧೋ ಎಂದು ಮಳೆ. ಆಲಾಪ ಶುರುವಾಗಿ ಐದು ನಿಮಿಷವಾಗಿರಬಹುದು, ಎಡಗಡೆಯ ಸ್ಪೀಕರಿನಿಂದ ಚಟ್ ಎಂಬ ಸದ್ದು, ಸ್ವಲ್ಪ ತಡೆದು ಮತ್ತೊಂದು. ದೀಪ ಆರಿಸಿ ನೋಡಿದಾಗ ಜಾಲರಿಯ ಹಿಂದೆ ಸಾಸಿವೆ ಕಾಳಿನಷ್ಟು ನೀಲಿ ಕಿಡಿ ಒಂದೇ ಜಾಗದಲ್ಲಿ ಹೊತ್ತಿ ಆರುತ್ತಿತ್ತು. ಆವೇಶ ತುಂಬಿದ ಪೊರೆ ದೂಳನ್ನು ಸೆಳೆಯುತ್ತದೆ, ಆ ದೂಳು ತೇವ ಹೀರಿದರೆ ವಿದ್ಯುತ್ತಿಗೆ ದಾರಿಯಾಗುತ್ತದೆ. ನಾವು ಕೂಡಲೇ ಪ್ಲಗ್ ಕಿತ್ತೆವು; ಪ್ಯಾನೆಲು ಉಳಿಯಿತು. ಕರಾವಳಿಯಲ್ಲೂ ಮಲೆನಾಡಿನಲ್ಲೂ ಈ ಸ್ಪೀಕರು ಇಟ್ಟುಕೊಳ್ಳುವವರು ಮಳೆಗಾಲದ ನಾಲ್ಕು ತಿಂಗಳು ಕೋಣೆಯ ತೇವ ಇಳಿಸುವ ಯಂತ್ರಕ್ಕೂ ಜಾಗ, ಹಣ ಎರಡನ್ನೂ ಲೆಕ್ಕ ಹಾಕಬೇಕು. ಬೆಂಗಳೂರಿನಲ್ಲಿ ತೇವ ಅಷ್ಟು ಕಾಡದು, ರಸ್ತೆಯ ದೂಳು ಕಾಡುತ್ತದೆ. ಕೇಳದಿರುವಾಗ ಬಟ್ಟೆ ಮುಚ್ಚಿಡುವ ಅಭ್ಯಾಸ ಒಳ್ಳೆಯದು.

ಎಷ್ಟೇ ಜೋಪಾನ ಮಾಡಿದರೂ ಪ್ಯಾನೆಲು ಚಿರಾಯುವಲ್ಲ. ಇಎಸ್‌ಎಲ್ 63ರಲ್ಲಿ ವರ್ಷಗಳು ಕಳೆದಂತೆ ಸ್ಟೇಟರಿನ ಅಂಟು ಬಿಡುತ್ತದೆ. 57ರಲ್ಲಿ ವಿದ್ಯುತ್ತು ಪೂರೈಸುವ ಭಾಗ ಬಲಗುಂದಿ ದನಿ ಸಣ್ಣಗಾಗುತ್ತದೆ. ಇವನ್ನು ಬಿಚ್ಚಿ ಹೊಸ ಪೊರೆ ಹಾಕಿಕೊಡುವ ನುರಿತ ಕೈಗಳು ಯುರೋಪಿನಲ್ಲಿವೆ: ಜರ್ಮನಿಯ ಕ್ವಾಡ್ ಮೂಸಿಕ್‌ವೀಡರ್‌ಗಾಬೆ, ಇಂಗ್ಲೆಂಡಿನ ಕವೆಂಟ್ರಿಯ ಒನ್ ಥಿಂಗ್ ಆಡಿಯೋ. ಹೀಗೆ ಪುನರ್ನಿರ್ಮಿಸಿದ ಜೋಡಿಯನ್ನು ಅಲ್ಲಿಂದಲೇ ತರಿಸುವುದು ದುಬಾರಿಯಾದರೂ, ಇಲ್ಲಿ ಅಗ್ಗಕ್ಕೆ ಸಿಕ್ಕ ದಣಿದ ಜೋಡಿಯನ್ನು ಆಮೇಲೆ ಅಲ್ಲಿಗೆ ಕಳಿಸುವುದಕ್ಕಿಂತ ಕಡಿಮೆ ತಾಪತ್ರಯದ್ದು. ಮಾರ್ಟಿನ್‌ಲೋಗನ್ನಿನ ಪ್ಯಾನೆಲನ್ನು ಇಡಿಯಾಗಿ ತೆಗೆದು ಹೊಸದನ್ನು ಕೂರಿಸುವುದಾದ್ದರಿಂದ ಆ ಕೆಲಸಕ್ಕೆ ವಿಶೇಷ ಪರಿಣತಿ ಬೇಡ. ದೂರದಲ್ಲಿರುವ ನಮ್ಮಂಥವರಿಗೆ ಇದು ಸಣ್ಣ ಅನುಕೂಲವಲ್ಲ.

ಯಾರಿಗೆ ಯಾವುದು

ಹದಿನೈದಡಿಯಷ್ಟು ಉದ್ದದ, ಸಂಗೀತಕ್ಕೆಂದೇ ಮೀಸಲಾದ ಕೋಣೆ ಇದ್ದು, ಕೇಳುವುದು ಬಹುಪಾಲು ಗಾಯನ, ವೀಣೆ, ಸಾರಂಗಿ ಆಗಿದ್ದರೆ ಕ್ವಾಡ್ 2812 ಎಕ್ಸ್ ನನ್ನ ಮೊದಲ ಆಯ್ಕೆ. ಆರು ಪ್ಯಾನೆಲಿನ 2912 ಎಕ್ಸ್‌ನ ಹೆಚ್ಚುವರಿ ಮಂದ್ರ ದೊಡ್ಡ ಕೋಣೆಯಲ್ಲಿ ಮಾತ್ರ ಸಾರ್ಥಕ. ಅದೇ ಕೋಣೆ, ಕಡಿಮೆ ಹಣ ಎಂದಾದರೆ ಪ್ಯಾನೆಲು ಪುನರ್ನಿರ್ಮಿಸಿದ್ದಕ್ಕೆ ದಾಖಲೆ ಇರುವ ಇಎಸ್‌ಎಲ್ 63. ಮನೆಯವರೆಲ್ಲ ಕೂತು ಸಿನಿಮಾವನ್ನೂ ನೋಡುವ ಹಾಲಿಗೆ ಮಾರ್ಟಿನ್‌ಲೋಗನ್; ಅದರಲ್ಲೂ ಕೈಗೆಟಕುವ ಮಿತಿಯಲ್ಲಿ ಹಂಚಿಕೆ ಅತಿ ಕೆಳಗಿರುವ ಮಾದರಿ. 2015ರ ಸುಮಾರಿಗೆ ಅಮೆರಿಕದಲ್ಲಿ ಜೋಡಿಗೆ 80,000 ಡಾಲರಿನ ಹತ್ತಿರ ಬೆಲೆ ಇದ್ದ ನಿಯೋಲಿತ್‌ನಂಥ ಮಾದರಿಗಳ ಬಗ್ಗೆ ನಾನು ಸಲಹೆ ಕೊಡುವುದಿಲ್ಲ, ಅಷ್ಟು ಹಣವಿದ್ದರೆ ಮೊದಲು ಕೋಣೆಯನ್ನು ಕಟ್ಟಿಸಬೇಕು. ಇಎಸ್‌ಎಲ್ 57 ಎರಡನೆಯ ಜೋಡಿಯಾಗಿ ಇರಬೇಕಾದದ್ದು: ರಾತ್ರಿ ಮನೆ ನಿಶ್ಶಬ್ದವಾದ ಮೇಲೆ, ಸಣ್ಣ ದನಿಯಲ್ಲಿ, ಒಬ್ಬರೇ ಕೂತು ಕೇಳಲು.

ಹಳೆಯ ಜೋಡಿ ನೋಡಲು ಹೋಗುವವರು ಹಿಂದಿನ ದಿನವೇ ಮಾರುವವರಿಗೆ ಹೇಳಿ ಸ್ಪೀಕರಿಗೆ ಕರೆಂಟು ಕೊಡಿಸಿಡಬೇಕು, ಏಕೆಂದರೆ ಪೊರೆ ಪೂರ್ತಿ ತುಂಬಲು ಹೊತ್ತು ಹಿಡಿಯುತ್ತದೆ. ಮೊದಲು ಸಂಗೀತ ಬೇಡ; ದೀಪ ಆರಿಸಿ, ಕಿವಿಯನ್ನು ಜಾಲರಿಯ ಹತ್ತಿರ ತಂದು ಐದು ನಿಮಿಷ ಸುಮ್ಮನೆ ಕೇಳಿ, ಚಟಪಟ ಸದ್ದು, ಸಣ್ಣ ಸಿಳ್ಳೆ ಏನಾದರೂ ಇದೆಯೇ ಗಮನಿಸಿ. ಆಮೇಲೆ ಮೋನೋ ಮುದ್ರಣವೊಂದನ್ನು ಹಾಕಿಸಿ ಎರಡರ ನಡುವೆ ಸರಿಯಾಗಿ ಕೂತುಕೊಳ್ಳಿ. ಗಾಯಕ ನಡುವೆ ನಿಲ್ಲದೆ ಒಂದು ಕಡೆಗೆ ಸರಿದಿದ್ದರೆ ಆಚೆ ಕಡೆಯ ಪ್ಯಾನೆಲು ಸೊರಗಿದೆ ಎಂದು ತಿಳಿಯಬೇಕು. ಎಡಬಲ ತಂತಿಗಳನ್ನು ಅದಲುಬದಲು ಮಾಡಿಸಿದ ಮೇಲೂ ಅವರು ಅದೇ ಕಡೆ ನಿಂತಿದ್ದರೆ ದೋಷ ಆಂಪ್ಲಿಫೈಯರಿನದಲ್ಲ. ಹಿಂಬದಿಯ ಮುಚ್ಚಳವನ್ನು ಮಾತ್ರ ತೆಗೆಯಲು ಹೋಗಬೇಡಿ. ಪ್ಲಗ್ ಕಿತ್ತ ಬಳಿಕವೂ ಒಳಗೆ ಸಾವಿರಾರು ವೋಲ್ಟ್ ಬಹಳ ಹೊತ್ತು ಉಳಿದಿರುತ್ತದೆ.